ಹುಲ್ಲುಹಾಸಿನಲ್ಲಿ ಹೊನಗೊನ್ನೆ

ಹೊಸಪೇಟೆಗೆ ಬಂದ ಮೊದಲ ತಿಂಗಳು ಎರ್ರೆಮ್ಮನಿಗೆ ನೆಲವೇ ಕಾಣಲಿಲ್ಲ. ಬಂಡ್ರಿಯಲ್ಲಿ ನಲವತ್ತೈದು ವರ್ಷ ನೆಲ ನೋಡಿಕೊಂಡೇ ಬದುಕಿದವಳು ಅವಳು. ಬೇರೆಯವರ ಜೋಳದ ಹೊಲದಲ್ಲಿ, ಶೇಂಗಾದ ಸಾಲಿನಲ್ಲಿ ಕಳೆ ತೆಗೆಯುವುದು ಅವಳ ಕೂಲಿ. ತೆಗೆದ ಕಳೆಯಲ್ಲಿ ತಿನ್ನುವಂಥದ್ದನ್ನು ಬೇರೆ ಮಾಡಿ ಉಡಿಗೆ ಹಾಕಿಕೊಳ್ಳುವುದು ಅವ್ವನಿಂದ ಬಂದ ರೂಢಿ. ಹೊತ್ತು ಇಳಿಯುವಷ್ಟರಲ್ಲಿ ಉಡಿ ತುಂಬಿ, ರೊಟ್ಟಿಗೆ ಪಲ್ಯ ಆಗಿರುತ್ತಿತ್ತು. ಎರಡು ಸಾವಿರದ ಐದರಲ್ಲಿ ಆ ಹೊಲಗಳ ಒಡೆಯರು ಒಬ್ಬೊಬ್ಬರಾಗಿ ಬಿತ್ತುವುದನ್ನು ಬಿಟ್ಟು, ಅದಿರಿನ ಲಾರಿ ನಿಲ್ಲಿಸಲು ಹೊಲ ಕೊಟ್ಟರು. ಬೆಳೆಯೇ ಇಲ್ಲದ ಮೇಲೆ ಕಳೆ ತೆಗೆಯುವವಳಿಗೆ ಏನು ಕೆಲಸ? ಗಂಡ ಅಂಜಿನಯ್ಯನಿಗೆ ಹೊಸಪೇಟೆಯಲ್ಲಿ ಅದಿರು ರಾಶಿ ಹಾಕುವ ಪ್ಲಾಟೊಂದರ ಕಾವಲು ಕೆಲಸ ಸಿಕ್ಕಿತು. ರೈಲ್ವೆ ಗೇಟಿನ ಆಚೆ, ತಗಡಿನ ಮನೆಗಳ ಸಾಲಿಗೆ ಇಬ್ಬರೂ ಬಂದು ಇಳಿದರು.

ಅಲ್ಲಿ ಎಲ್ಲದರ ಮೇಲೂ ಕೆಂಪು ಧೂಳು. ಗೋಡೆ, ಗಿಡ, ಒಣಹಾಕಿದ ಸೀರೆ, ಎಮ್ಮೆಯ ಕಣ್ಣಿನ ರೆಪ್ಪೆ, ಎಲ್ಲ ಒಂದೇ ಬಣ್ಣ. ಬೆಳಗಿನ ಬಿಸಿಲಿಗೆ ಆ ಧೂಳು ಮೇಲೆದ್ದು ನಿಂತಾಗ ದೂರದ ಜಂಬುನಾಥನ ಗುಡ್ಡ ಬುಡವಿಲ್ಲದೆ ತೇಲುವಂತೆ ಕಾಣುತ್ತಿತ್ತು. ಎರ್ರೆಮ್ಮ ಬಾಗಿಲಲ್ಲಿ ಕುಳಿತು ಅದನ್ನೇ ನೋಡುವಳು. ತಾನು ಎಚ್ಚರವಿದ್ದೇನೋ ನಿದ್ದೆಯಲ್ಲಿದ್ದೇನೋ ಅವಳಿಗೇ ತಿಳಿಯುತ್ತಿರಲಿಲ್ಲ.

ಒಂದು ದಿನ ನೀರಿಗೆ ಹೋದವಳು ರೈಲ್ವೆ ಕ್ವಾರ್ಟರ್ಸಿನ ಹಿಂದೆ ಸೋರುವ ನಲ್ಲಿಯೊಂದರ ಮುಂದೆ ನಿಂತುಬಿಟ್ಟಳು. ಹನಿ ಬಿದ್ದು ಬಿದ್ದು ಒದ್ದೆಯಾದ ಅಂಗೈಯಗಲದ ಜಾಗದಲ್ಲಿ ಕಿರಕಸಾಲಿ ಸೊಪ್ಪು ಚಿಗುರಿತ್ತು. ನೀರು ಬಿದ್ದಷ್ಟು ಜಾಗ ಮಾತ್ರ ಹಸಿರು. ಸಂತೆಯ ಗದ್ದಲದಲ್ಲಿ ತನ್ನೂರಿನವರು ಎದುರಾದಂತೆ ಅವಳಿಗೆ ಮೈ ಜುಂ ಎಂದಿತು. ಕೊಡ ಕೆಳಗಿಟ್ಟು, ಕುಕ್ಕರಗಾಲಲ್ಲಿ ಕುಳಿತು, ಒಂದೊಂದೇ ತುದಿ ಚಿವುಟಿದಳು. ಬುಡ ಬಿಟ್ಟಳು, ಮತ್ತೆ ಬರಲಿ ಎಂದು.

ಮನೆಯಲ್ಲಿ ತೊಳೆದಾಗ ಮೊದಲ ನೀರು ಕುಂಕುಮ ಕದಡಿದಂತೆ ಬಂತು. ಐದನೆಯ ಸಲಕ್ಕೆ ತಿಳಿಯಾಯಿತು. ಬೆಳ್ಳುಳ್ಳಿ, ಹಸಿಮೆಣಸಿನಕಾಯಿ, ಒಂದು ಹಿಡಿ ಬೇಳೆ. ಅಂಜಿನಯ್ಯ ಮೊದಲ ತುತ್ತಿಗೇ ತಲೆಯೆತ್ತಿದ.

"ಊರಿಗೆ ಹೋಗಿದ್ದೇನ?"

"ಇಲ್ರಿ. ಇಲ್ಲೇ ಐತಿ ಊರು. ನಮಗ ಕಂಡಿರಲಿಲ್ಲ ಅಷ್ಟ."

ಅಂದಿನಿಂದ ಅವಳ ಕಣ್ಣು ತೆರೆಯಿತು. ಅಂಗಡಿ, ಲಾಡ್ಜು, ಹೊಸ ಕಾರುಗಳು ಇರುವ ಹೊಸಪೇಟೆಯ ಅಡಿಯಲ್ಲೇ ಇನ್ನೊಂದು ಹೊಸಪೇಟೆ ಮೆಲ್ಲಗೆ ಬೆಳೆಯುತ್ತಿತ್ತು. ಕಟ್ಟಿ ಅರ್ಧಕ್ಕೆ ನಿಂತ ಕಾಂಪ್ಲೆಕ್ಸಿನ ಮರಳಿನಲ್ಲಿ ಕೊಮ್ಮೆ ಬಳ್ಳಿ ಕಾಲು ಚಾಚಿತ್ತು. ಪೊಲೀಸ್ ಠಾಣೆಯ ಕಾಂಪೌಂಡಿನ ಒಳಗೆ, ಜಪ್ತಿ ಮಾಡಿಟ್ಟ ಬೈಕುಗಳ ಚಕ್ರದ ನಡುವೆ ಹಕ್ಕರಕಿ ಸೊಪ್ಪು. ಮುಂಜಾನೆ ಅವಳು ತಲೆ ತಗ್ಗಿಸಿಕೊಂಡು ಹೋಗುವುದನ್ನು ಕಂಡು ಓಣಿಯ ಹೆಂಗಸರು ಕೇಳುತ್ತಿದ್ದರು: "ಏನು ಕಳಕೊಂಡೀಯವಾ ಎರ್ರೆಮ್ಮ?" ಅವಳು ನಗುತ್ತಿದ್ದಳು. ನಡೆದು ನಡೆದು ಕೆಲವೊಮ್ಮೆ ಯಾವ ರಸ್ತೆಯಲ್ಲಿದ್ದೇನೆ ಎಂಬುದೂ ಮರೆಯುವುದು. ಲಾರಿಯ ಹಾರ್ನ್ ದೂರದ ಹೋರಿಯ ಕೂಗಿನಂತೆ ಕೇಳುವುದು. ಕಾಲಿಗೆ ಬಂಡ್ರಿಯ ಸಾಲು ತಾಗಿದಂತಾಗುವುದು. ಎಚ್ಚರಾದಾಗ ಎದುರಿಗೆ ಬಸ್‌ಸ್ಟ್ಯಾಂಡಿನ ಗೋಡೆ. ಉಡಿಯಲ್ಲಿ ಮಾತ್ರ ಸೊಪ್ಪು ಇರುತ್ತಿತ್ತು.

ಮರುವರ್ಷದ ಮಳೆಗಾಲದಲ್ಲಿ ಹೊಸ ಬಡಾವಣೆಯ ಒಂದು ಬಂಗಲೆಯ ಹೊರಗೋಡೆಯ ಬುಡದಲ್ಲಿ ಅವಳು ಸೊಪ್ಪು ಕೀಳುತ್ತಿದ್ದಾಗ ಒಬ್ಬ ಟೋಪಿ ಹಾಕಿದ ಮನುಷ್ಯ ಬಂದು ನಿಂತ. ಮನೋಹರ್ ಅಂತ, ದೊಡ್ಡ ಮನೆಗಳಿಗೆ ತೋಟ, ಹುಲ್ಲುಹಾಸು ಮಾಡಿಕೊಡುವ ಗುತ್ತಿಗೆಯವನು.

"ಇಷ್ಟು ಚೆಂದ ಬೇರು ಸಮೇತ ಕೀಳ್ತೀಯಲ್ಲವಾ. ಒಳಗ ಬಾ. ಅಲ್ಲಿ ನಂದು ಮಾನ ಹೋಗಾಕತ್ತೈತಿ."

ಬಂಗಲೆ ಕೊಟ್ರಯ್ಯನದು. ಕಂಪ್ಲಿಯಲ್ಲಿ ಅಕ್ಕಿ ಗಿರಣಿ ಇದ್ದವನು, ಈಗ ಅದಿರು ಸಾಗಿಸುವ ಲಾರಿಗಳನ್ನಿಟ್ಟು ಹೊಸಪೇಟೆಗೆ ಬಂದಿದ್ದ. ಮನೆಯ ಮುಂದೆ ಹುಲ್ಲುಹಾಸು ಆಗಬೇಕೆಂದು ಕಂಪ್ಲಿಯ ತನ್ನ ಗದ್ದೆಯ ಮಣ್ಣನ್ನೇ ಲಾರಿಯಲ್ಲಿ ತರಿಸಿ ಹಾಕಿಸಿದ್ದ. ಅದರ ಮೇಲೆ ಮನೋಹರ್ ಬೆಂಗಳೂರಿನ ಹುಲ್ಲನ್ನು ಚಾಪೆಯಂತೆ ಹಾಸಿದ್ದ. ಎರಡು ಮಳೆ ಬಿತ್ತು. ಹುಲ್ಲು ಹಳದಿಯಾಯಿತು, ಮಣ್ಣಿನಲ್ಲಿ ಮಲಗಿದ್ದ ಗದ್ದೆಯ ಬೀಜಗಳೆಲ್ಲ ಎದ್ದು ಕುಳಿತವು.

ಎರ್ರೆಮ್ಮ ದಿನಾ ಬಂದು ಕಿತ್ತಳು. ಇಲ್ಲಿಯ ಕಳೆ ಅವಳ ಬೆದ್ದಲು ಹೊಲದ ಕಳೆಯಲ್ಲ. ನೀರಿನ ಸೀಮೆಯ ಗಿಡಗಳು, ಅರ್ಧಕ್ಕರ್ಧ ಅವಳಿಗೆ ಗೊತ್ತೇ ಇರಲಿಲ್ಲ. ವರಾಂಡದ ಬೆತ್ತದ ಕುರ್ಚಿಯಲ್ಲಿ ಮನೆಯ ಯಜಮಾನತಿ ಗಂಗಾಂಬಿಕಾ ಸುಮ್ಮನೆ ಕುಳಿತಿರುತ್ತಿದ್ದಳು. ಆ ವರ್ಷ ಮನೆಮನೆಗೂ ಬಂದಿದ್ದ ಚಿಕೂನ್‌ಗುನ್ಯಾ ಜ್ವರ ಅವಳನ್ನೂ ಹಿಡಿದು ಬಿಟ್ಟಿತ್ತು. ಜ್ವರ ಹೋಗಿ ಎರಡು ತಿಂಗಳಾದರೂ ಗಂಟುಗಳ ನೋವು ಹೋಗಿರಲಿಲ್ಲ. ನಾಲಿಗೆಗೆ ರುಚಿ ಹತ್ತುತ್ತಿರಲಿಲ್ಲ. ಇಬ್ಬರೂ ನಾಲ್ಕು ದಿನ ಒಂದು ಮಾತೂ ಆಡಲಿಲ್ಲ. ಐದನೆಯ ದಿನ ಎರ್ರೆಮ್ಮ ಒಂದು ಬಳ್ಳಿ ಕಿತ್ತು ಕಸದ ಬುಟ್ಟಿಗೆ ಎಸೆಯುವಾಗ ಕುರ್ಚಿಯಿಂದ ದನಿ ಬಂತು.

"ಅದನ್ನ ಒಗೀಬ್ಯಾಡ."

ಎರ್ರೆಮ್ಮ ಬಳ್ಳಿಯನ್ನು ಎತ್ತಿ ತೋರಿಸಿದಳು. "ಇದ ಏನ್ರಿ ಅಮ್ಮಾರೇ?"

"ಹೊನಗೊನ್ನೆ. ನಮ್ಮ ಕಂಪ್ಲಿ ಕಾಲುವಿ ದಂಡಿಗೆ ಹೆಂಗ ಬೆಳೀತಿತ್ತಂದ್ರ, ಕಾಲಿಡಾಕ ಜಾಗ ಇರ್ತಿರಲಿಲ್ಲ. ತಗೊಂಡು ಬಾ ಇಲ್ಲಿ."

ಗಂಗಾಂಬಿಕಾ ಎಲೆಯೊಂದನ್ನು ಮೂಗಿಗೆ ಹಿಡಿದು ಕಣ್ಣು ಮುಚ್ಚಿದಳು. ನೀರು ಬಿಟ್ಟ ಗದ್ದೆ, ಅದರಲ್ಲಿ ಬಿದ್ದ ಮೋಡ, ಬದುವಿನ ಮೇಲೆ ಒದ್ದೆ ಲಂಗ ಎತ್ತಿಕೊಂಡು ಓಡುವ ಹುಡುಗಿ, ಆಗ ಕಣ್ಣಿಗೆ ಕಟ್ಟಿದ ಇವನ್ನೆಲ್ಲ ಎಷ್ಟೋ ದಿನದ ಮೇಲೆ ಅವಳು ಎರ್ರೆಮ್ಮನಿಗೆ ಹೇಳಿದಳು. ಅಂದು ಹೇಳಿದ್ದು ಇಷ್ಟೇ: "ಮದುವಿಯಾಗಿ ಇಪ್ಪತ್ತೆರಡು ವರ್ಷ ಆತು. ಗಿರಣಿ ಮನಿಯಾಗ ಇಂಥಾದ್ದು ಮಾಡ್ತಿರಲಿಲ್ಲ. ತಿಂದಿಲ್ಲ."

ಆ ಮಧ್ಯಾಹ್ನ ಅಡುಗೆಯಾಯಿತು. ಗಂಗಾಂಬಿಕಾ ಎರಡು ರೊಟ್ಟಿ ಉಂಡಳು. ಸೊಪ್ಪಿಗೆ ರುಚಿ ಇತ್ತೋ, ನೆನಪಿಗೆ ಇತ್ತೋ, ಅದನ್ನು ಕೇಳುವವರು ಯಾರು? ಮರುದಿನ ಎರ್ರೆಮ್ಮ ತನ್ನ ಕಡೆಯ ಹಕ್ಕರಕಿ ತಂದು ಕೊಟ್ಟಳು, ಹಸಿಯಾಗೇ ರೊಟ್ಟಿ, ಶೇಂಗಾ ಚಟ್ನಿ ಜೊತೆ ತಿನ್ನಲು. ಒಬ್ಬಳದು ನೀರಿನ ಸೀಮೆ, ಒಬ್ಬಳದು ಒಣ ಸೀಮೆ. ಕೊಟ್ಟು ತೆಗೆದುಕೊಳ್ಳಲು ಇಬ್ಬರಲ್ಲೂ ಬೇಕಾದಷ್ಟಿತ್ತು. ಹೀಗೆ ಶ್ರಾವಣ ಕಳೆಯಿತು. ಅಂಗಳದ ಕಳೆಯಲ್ಲಿ ಅರ್ಧ ಒಳಮನೆಗೆ, ಅರ್ಧ ಎರ್ರೆಮ್ಮನ ಉಡಿಗೆ.

ಒಂದು ಗುರುವಾರ ಎರ್ರೆಮ್ಮ ಎಂದಿನಂತೆ ಮುಂಜಾನೆ ಬಂದು ಎರಡು ಪಾಲು ಮಾಡಿ, ಒಂದನ್ನು ಗಂಗಾಂಬಿಕಾಗೆ ಕೊಟ್ಟು, ಇನ್ನೊಂದನ್ನು ಮನೆಗೆ ಒಯ್ದಳು. ಸೊಪ್ಪು ತುಸು ಬಾಡಿದಂತಿತ್ತು. ಬಿಸಿಲಿಗೆ ಇರಬೇಕು ಎಂದುಕೊಂಡಳು. ಗಂಡನನ್ನು ಪ್ಲಾಟಿಗೆ ಕಳಿಸಿ, ಹೊತ್ತೇರಿದ ಮೇಲೆ ಸೊಪ್ಪು ಸೋಸಲು ಕುಳಿತಾಗ ಅವಳ ಕೈ ನಿಂತಿತು. ದಂಟುಗಳೆಲ್ಲ ಹಗ್ಗ ಹೊಸೆದಂತೆ ತಿರುಚಿಕೊಂಡಿದ್ದವು. ಎಲೆ ಮಗ್ಗುಲಾಗಿ ಮುದುಡಿತ್ತು. ನೀರಿಗೆ ಹಾಕಿದಾಗ ಫಿನಾಯಿಲಿನಂಥ ಒಂದು ವಾಸನೆ ಬಂತು.

ಆ ವಾಸನೆ ಅವಳಿಗೆ ಗೊತ್ತಿತ್ತು. ಬಂಡ್ರಿಯಲ್ಲಿ ಮೆಕ್ಕೆಜೋಳದ ಹೊಲಕ್ಕೆ ಕಳೆ ಸಾಯಲೆಂದು ಎಣ್ಣೆ ಹೊಡೆದ ಮರುದಿನ ಗಿಡಗಳು ಹೀಗೇ ಮೈ ತಿರುಚಿಕೊಂಡು ಬಿದ್ದಿರುತ್ತಿದ್ದವು.

ಎರ್ರೆಮ್ಮ ಒಂದು ದಂಟನ್ನು ಉಡಿಗೆ ಸಿಕ್ಕಿಸಿಕೊಂಡು ಎದ್ದವಳೇ ಓಡಿದಳು. ಚಪ್ಪಲಿ ನೆನಪಾಗಲಿಲ್ಲ. ರೈಲ್ವೆ ಗೇಟಿನ ಹತ್ತಿರ ಬರುವಷ್ಟರಲ್ಲಿ ಗೇಟು ಬಿದ್ದು, ಅದಿರಿನ ಗೂಡ್ಸು ಬರತೊಡಗಿತ್ತು. ಅದು ಓಡುವ ರೈಲಲ್ಲ, ನಡೆಯುವ ರೈಲು. ಕೆಂಪು ಡಬ್ಬಿಯ ಹಿಂದೆ ಕೆಂಪು ಡಬ್ಬಿ, ಅದರ ಹಿಂದೆ ಇನ್ನೊಂದು, ಗುಡ್ಡವನ್ನೇ ತುಂಡು ತುಂಡು ಮಾಡಿ ಸಾಲಾಗಿ ಎಲ್ಲಿಗೋ ಕಳಿಸುತ್ತಿದ್ದಂತೆ. ಚಕ್ರದ ಸದ್ದಿನಲ್ಲಿ ಅವಳಿಗೆ ತನ್ನ ಉಸಿರು ಕೇಳಲಿಲ್ಲ. ಗೇಟಿನ ಕಂಬಿ ಹಿಡಿದು ನಿಂತಳು. ನೆತ್ತಿಯ ಬಿಸಿಲು, ಕೆಂಪು ಧೂಳು, ಮುಗಿಯದ ರೈಲು. ಒಂದು ಗಳಿಗೆ ಇದೆಲ್ಲ ಕನಸು, ಕಣ್ಣು ಬಿಟ್ಟರೆ ಬಂಡ್ರಿಯ ಅಟ್ಟದ ಕೆಳಗೆ ಎದ್ದು ಕೂರುತ್ತೇನೆ ಎನ್ನಿಸಿತು. ಆಮೇಲೆ ಕಂಬಿಯ ಬಿಸಿ ಅಂಗೈ ಸುಟ್ಟಿತು. ಕನಸಲ್ಲ. ತನ್ನ ಕೈಯಾರೆ ಕಿತ್ತು ಕೊಟ್ಟ ಸೊಪ್ಪು ಅಲ್ಲಿ ಒಲೆಯ ಮೇಲಿದೆ.

ಗೇಟು ಎದ್ದಾಗ ಆಚೆಗೆ ಲಾರಿಗಳು ಹಂದಾಡದೆ ನಿಂತಿದ್ದವು. ಅವುಗಳ ಸಂದಿಯಲ್ಲಿ ನುಸುಳಿ, ಬಸವಣ್ಣ ಕಾಲುವೆಯ ಸೇತುವೆ ದಾಟಿ, ಬಂಗಲೆ ಮುಟ್ಟಿದಳು. ಬಾಗಿಲು ತೆರೆದಿತ್ತು. ಎಂದೂ ವರಾಂಡ ದಾಟಿ ಒಳಗೆ ಹೋಗದಿದ್ದವಳು ಹೊಳೆಯುವ ಕಲ್ಲಿನ ಮೇಲೆ ಕೆಂಪು ಹೆಜ್ಜೆ ಮೂಡಿಸಿಕೊಂಡು ನೇರ ಊಟದ ಕೋಣೆಗೆ ನಡೆದಳು. ಕೊಟ್ರಯ್ಯ ರೊಟ್ಟಿ ಮುರಿದು ಪಲ್ಯಕ್ಕೆ ಕೈ ಹಾಕಿದ್ದ.

"ಉಣಬ್ಯಾಡ್ರೀ!"

ಅವನು ತಲೆಯೆತ್ತುವಷ್ಟರಲ್ಲಿ ಎರ್ರೆಮ್ಮ ತಟ್ಟೆಯನ್ನು ಕೈಯಿಂದ ಹೊಡೆದಳು. ತಟ್ಟೆ ಗೋಡೆಗೆ ಬಡಿದು ಗಣಗಣ ಎಂದು ಸುತ್ತಿ ಬಿತ್ತು.

"ಯಾವಾಕಿನ ಇಕಿ? ತಲಿಗಿಲಿ ಕೆಟ್ಟೈತೇನು?" ಕೊಟ್ರಯ್ಯ ಎದ್ದು ನಿಂತು ಗುಡುಗಿದ.

ಗಂಗಾಂಬಿಕಾ ಅಡುಗೆಮನೆಯಿಂದ ಬಂದಳು. ಎರ್ರೆಮ್ಮ ಉಡಿಯಿಂದ ತಿರುಚಿದ ದಂಟು ತೆಗೆದು ಅಂಗೈಯಲ್ಲಿಟ್ಟು ಚಾಚಿದಳು. "ಎಣ್ಣಿ... ಅಂಗಳಕ್ಕ ಎಣ್ಣಿ ಹೊಡದಾರ್ರಿ ಅಮ್ಮಾರೇ. ಇದು ಕಳೆ ಸಾಯೋ ಎಣ್ಣಿ. ತಿಂದ್ರೇನು? ನೀವು ತಿಂದ್ರೇನು?"

ಗಂಗಾಂಬಿಕಾ ಸೆರಗಿನಿಂದ ಬಾಯಿ ಒರೆಸಿಕೊಂಡಳು. "ಉಪ್ಪು ನೋಡಾಕ ಒಂದೀಟು ಬಾಯಿಗಿ ಹಾಕ್ಕೊಂಡೆ."

ಮನೋಹರನಿಗೆ ಫೋನು ಹೋಯಿತು. ಹೌದು, ಹಿಂದಿನ ಸಂಜೆ ಹೊಡೆದಿದ್ದ. ಕಿತ್ತಷ್ಟೂ ಬರುತ್ತಿತ್ತು, ಹುಲ್ಲು ಉಳಿಯಲಿ ಎಂದು. ಯಾರಾದರೂ ಕಳೆ ತಿನ್ನುತ್ತಾರೆ ಎಂದು ತನಗೇನು ಗೊತ್ತು ಎಂದು ಅಳುದನಿಯಲ್ಲಿ ಕೇಳಿದ. ಗಂಗಾಂಬಿಕಾಳನ್ನು ಕೂರಿಸಿಕೊಂಡು ಕಾರು ಆಸ್ಪತ್ರೆಗೆ ಹೊರಟಿತು. ಎರ್ರೆಮ್ಮ ಅದರ ಹಿಂದೆಯೇ ನಡೆದು ಹೋಗಿ ನರ್ಸಿಂಗ್ ಹೋಮಿನ ಹೊರಗೆ, ಬೇವಿನ ಮರದ ಕೆಳಗೆ ಕುಳಿತಳು. ಹೊತ್ತು ನಿಂತೇ ಇತ್ತು. ಎರಡೂ ಕೈಯನ್ನು ತೊಡೆಯ ಮೇಲೆ ಮಲಗಿಸಿಕೊಂಡು, ಅವು ಬೇರೆ ಯಾರದೋ ಎನ್ನುವಂತೆ ನೋಡುತ್ತಿದ್ದಳು. ಈ ಕೈ ಎಂದೂ ತಪ್ಪಿದ್ದಿಲ್ಲ. ಕತ್ತಲಲ್ಲೂ ಹಕ್ಕರಕಿಯನ್ನು ಮುಟ್ಟಿ ಗುರುತಿಸಿದ ಕೈ. ಇವತ್ತು ವಿಷ ಹಂಚಿ ಬಂದಿತ್ತು.

ಸಂಜೆ ಕೊಟ್ರಯ್ಯ ಹೊರಗೆ ಬಂದ. "ಏನಿಲ್ಲಂತ. ತಿಂದದ್ದು ಚಿಟಿಕಿ ಅಷ್ಟ. ಡಾಕ್ಟ್ರು ರಾತ್ರಿ ಒಂದು ಇಲ್ಲೇ ಇರ್ಲಿ ಅಂದಾರ." ಒಳಗೆ ಹೊರಟವನು ತಿರುಗಿ, "ಮನಿಗ್ಹೋಗು. ಕಾಲು ನೋಡ್ಕೊ, ರಕ್ತ ಬಂದೈತಿ" ಎಂದ.

ಎರ್ರೆಮ್ಮ ಬಂಗಲೆಗೆ ಮತ್ತೆ ಹೋಗಲಿಲ್ಲ. ಸೊಪ್ಪಿಗೂ ಹೋಗಲಿಲ್ಲ. ಅಂಜಿನಯ್ಯ ಸಂತೆಯಿಂದ ಬದನೆಕಾಯಿ, ಆಲೂಗಡ್ಡೆ ತಂದು ಹಾಕಿದ. "ತಪ್ಪು ನಿಂದಲ್ಲ ಬಿಡು" ಎಂದು ಎಷ್ಟು ಹೇಳಿದರೂ ಅವಳು ಬಾಗಿಲಲ್ಲಿ ಕುಳಿತು ತೇಲುವ ಗುಡ್ಡವನ್ನೇ ನೋಡುತ್ತಿದ್ದಳು. ನಲ್ಲಿಯ ಬುಡದ ಕಿರಕಸಾಲಿ ಬಲಿತು ಹೂ ಬಿಟ್ಟಿದ್ದನ್ನು ಕಂಡೂ ಕೊಡ ತುಂಬಿಕೊಂಡು ಬಂದುಬಿಟ್ಟಳು.

ಇಪ್ಪತ್ತು ದಿನದ ಮೇಲೆ ತಗಡಿನ ಮನೆಗಳ ಸಾಲಿಗೆ ಒಂದು ಆಟೋ ಬಂತು. ಅದರಿಂದ ಗಂಗಾಂಬಿಕಾ ಒಂದೊಂದೇ ಕಾಲು ಕೆಳಗಿಟ್ಟು ಇಳಿದಳು. ಓಣಿಗೆ ಓಣಿಯೇ ಹೊರಗೆ ಬಂದು ನಿಂತಿತು. ಎರ್ರೆಮ್ಮ ಗಾಬರಿಯಿಂದ ಕೊಡವನ್ನು ಮಗುಚಿ ಹಾಕಿ, "ಕುಂದ್ರಿ ಅಮ್ಮಾರೇ, ಕುಂದ್ರಿ" ಎಂದಳು. ಕೂರಿಸಲು ಬೇರೇನೂ ಇರಲಿಲ್ಲ.

ಗಂಗಾಂಬಿಕಾ ಕೊಡದ ಮೇಲೆ ಕೂರಲಿಲ್ಲ. ಹೊಸ್ತಿಲ ಮೇಲೆ ಕುಳಿತಳು. "ಯಾಕ ಬರವಲ್ಲಿ?"

"ಹೆಂಗ ಬರಲ್ರಿ? ಯಾವ ಮಕ ಇಟ್ಕೊಂಡು?"

"ನೀ ಓಡಿ ಬರಲಿಲ್ಲ ಅಂದ್ರ ನಾವಿಬ್ರೂ ತಟ್ಟಿ ತುಂಬ ಉಣ್ತಿದ್ವಿ. ಆ ಮಕ ಇಟ್ಕೊಂಡು ಬಾ." ಆಮೇಲೆ ದನಿ ತಗ್ಗಿಸಿ, "ಅಂಗಳದ್ದು ಬ್ಯಾಡ. ನೀ ದಿನಾ ಎಲ್ಲೆಲ್ಲಿ ತಿರುಗ್ತೀಯಲ್ಲ, ಅಲ್ಲಿಗೆ ಕರಕೊಂಡು ಹೋಗು. ಕುರ್ಚಿಯಾಗ ಕುಂತು ಕುಂತು ನನಗ ಸಾಕಾಗೈತವಾ" ಎಂದಳು.

ಹಾಗೆ ಶುರುವಾಯಿತು. ಬೆಳಕು ಹರಿಯುವ ಹೊತ್ತಿಗೆ ಇಬ್ಬರೂ ಕಾಲುವೆಯ ಸೇತುವೆಯ ಹತ್ತಿರ ಸೇರುವರು. ಗಂಗಾಂಬಿಕಾ ಒಂದು ಕೈಯಲ್ಲಿ ಎರ್ರೆಮ್ಮನ ಭುಜ ಹಿಡಿದು ಮೆಲ್ಲಗೆ ಹೆಜ್ಜೆ ಹಾಕುವಳು. ಎರ್ರೆಮ್ಮ ಈಗ ಮೊದಲಿನಂತೆ ಕಂಡಕಂಡಲ್ಲಿ ಕೈ ಹಾಕುತ್ತಿರಲಿಲ್ಲ. ಮೊದಲು ಸುತ್ತ ಇರುವೆ ಜೀವಂತ ಓಡಾಡುತ್ತಿವೆಯೇ ಎಂದು ನೋಡುವಳು, ದಂಟು ಬಾಗಿಸಿ ನೋಡುವಳು, ಮೂಸುವಳು, ಹತ್ತಿರದ ಮನೆಯವರನ್ನು ಕೇಳುವಳು. ಚರಂಡಿಯ ನೀರು ಕುಡಿದದ್ದು, ಲಾರಿ ಶೆಡ್ಡಿನ ಆಯಿಲ್ ಕುಡಿದದ್ದು ಬ್ಯಾಡ. ರಸ್ತೆಯಂಚಿನದು ಬ್ಯಾಡ. ಹೀಗೆ ಬ್ಯಾಡ ಬ್ಯಾಡ ಎನ್ನುತ್ತ ಹೋದ ಮೇಲೂ ಉಡಿ ತುಂಬುವಷ್ಟು ಉಳಿಯುತ್ತಿತ್ತು. ಹಾಳು ಬಿದ್ದ ಹಿತ್ತಲು, ಗುಡಿಯ ಹಿಂದಿನ ಬಾವಿಕಟ್ಟೆ, ಬಾಳೆತೋಟದ ಬದು. ಬಂಗಲೆಯ ಅಂಗಳಕ್ಕೆ ಮನೋಹರ್ ಮತ್ತೆ ಬರಲಿಲ್ಲ. ಕೊಟ್ರಯ್ಯ ಎರ್ರೆಮ್ಮನನ್ನು ಕಂಡಾಗಲೆಲ್ಲ, "ಬಂದಳಪ್ಪೋ, ತಟ್ಟಿ ಭದ್ರ ಹಿಡ್ಕೊಳ್ರಿ" ಎನ್ನುತ್ತಿದ್ದ. ಮೊದಮೊದಲು ಅವಳಿಗೆ ನೆಲ ಬಿರಿಯಬಾರದೇ ಅನ್ನಿಸುತ್ತಿತ್ತು. ಬರಬರುತ್ತ ನಗು ಬರತೊಡಗಿತು.

ಒಮ್ಮೆ ಹಂಪಿಗೂ ಹೋದರು. ಮುಂಜಾನೆಯ ಬಸ್ಸು. ಮಳೆ ಬಂದು ನಿಂತಿತ್ತು. ಬಂಡೆಗಳಿಂದ ಹಬೆ ಏಳುತ್ತಿತ್ತು. ಅರಮನೆಯ ಜಗತಿಯ ಮೇಲೆ, ಕಂಬಗಳಿದ್ದ ಕುಳಿಗಳಲ್ಲಿ ನೀರು ನಿಂತು, ಒಂದೊಂದು ಕುಳಿಯಲ್ಲಿ ಒಂದೊಂದು ಆಕಾಶ. ಕಲ್ಲಿನ ಸಂದಿಗಳಲ್ಲೆಲ್ಲ ಕೊಮ್ಮೆ, ಕನ್ನೆ ಸೊಪ್ಪು. ಎರ್ರೆಮ್ಮ ಕುಳಿತು ಚಿವುಟತೊಡಗಿದಾಗ ಕಾವಲಿನವನು ಸೀಟಿ ಊದುತ್ತ ಬಂದ.

"ಏ, ಇಲ್ಲಿಂದ ಏನೂ ಒಯ್ಯಂಗಿಲ್ರಿ!"

"ಕಲ್ಲು ಒಯ್ಯಾಕತ್ತಿಲ್ಲಪ್ಪ" ಎಂದಳು ಗಂಗಾಂಬಿಕಾ. "ಕಳೆ ಕೀಳಾಕತ್ತೀವಿ. ನಿಂದ ಕೆಲಸ ಹಗುರಾತು."

ಅವನು ಉಡಿಯೊಳಗೆ ಇಣುಕಿದ. ಮುಖ ಸಡಿಲವಾಯಿತು. "ಕನ್ನೆ ಸೊಪ್ಪೇನ್ರಿ? ನಮ್ಮವ್ವ ಬಜಿ ಮಾಡ್ತಿದ್ಲು" ಎಂದು ಆಚೆ ತಿರುಗಿ ನಿಂತ. ಹೊರಡುವಾಗ ಅವನಿಗೂ ಒಂದು ಹಿಡಿ ಕೊಟ್ಟರು. ಟೋಪಿಯಲ್ಲಿ ಹಾಕಿಸಿಕೊಂಡ.

ಎರಡು ಸಾವಿರದ ಎಂಟರಲ್ಲಿ ಅಂಜಿನಯ್ಯನಿಗೆ ಕುರೆಕುಪ್ಪದ ಕಡೆ, ಉಕ್ಕಿನ ಕಾರ್ಖಾನೆಯ ಕೂಲಿಗಳ ಕಾಲೊನಿಯಲ್ಲಿ ಕಾವಲು ಕೆಲಸವಾಯಿತು. ಹೋಗುವ ದಿನ ಗಂಗಾಂಬಿಕಾ ಸೇತುವೆಯ ಹತ್ತಿರ ಬಂದಿದ್ದಳು, ಈ ಸಲ ಒಬ್ಬಳೇ ನಡೆದು. ಏನೂ ತಂದಿರಲಿಲ್ಲ. ಇಬ್ಬರೂ ಕಾಲುವೆಯ ನೀರು ನೋಡುತ್ತ ನಿಂತರು.

"ಅಲ್ಲಿ ನೆಲ ಹೆಂಗೈತೋ ಏನೋ" ಎಂದಳು ಎರ್ರೆಮ್ಮ.

"ನೆಲ ನೆಲದ ಹಂಗ ಇರ್ತದ. ನೀ ಹೋದ ಮ್ಯಾಲೆ ನಾನು ಯಾರ ಹೆಗಲು ಹಿಡಕೊಳ್ಲಿ, ಅದನ್ನ ಹೇಳು."

ಎರ್ರೆಮ್ಮ ಬಸ್ಸಿನಲ್ಲಿ ಕುಳಿತು ತೋರಣಗಲ್ಲಿನವರೆಗೂ ಸೆರಗಿನಿಂದ ಕಣ್ಣೊರೆಸಿಕೊಂಡಳು.

ಕುರೆಕುಪ್ಪದಲ್ಲಿ ನೆಲ ಗಟ್ಟಿ. ಹಗಲಿಡೀ ಚಿಮಣಿಗಳ ಹೊಗೆ ಮೋಡದೊಳಗೆ ಸೇರಿ, ಯಾವುದು ಮೋಡ, ಯಾವುದು ಹೊಗೆ ಗೊತ್ತಾಗುತ್ತಿರಲಿಲ್ಲ. ಕಾಲೊನಿಯ ಜನ ಎಲ್ಲೆಲ್ಲಿಯವರೋ. ಅವರ ಮಾತು ಅವಳಿಗೆ ತಿಳಿಯದು. ಹದಿನೈದು ದಿನ ಅವಳು ಯಾರೊಂದಿಗೂ ಮಾತಾಡಲಿಲ್ಲ. ಆಮೇಲೆ ಒಂದು ಮಳೆ ಬಿತ್ತು. ಎರಡು ದಿನ ಬಿಟ್ಟು ಅವಳು ಕಾಲೊನಿಯ ಹಿಂದೆ ದೂರದ ಬೀಳು ನೆಲಕ್ಕೆ ನಡೆದಳು. ಅಲ್ಲಿ ಗೋಣಿಸೊಪ್ಪು ಹಾಸಿಕೊಂಡಿತ್ತು, ಕೆಂಪು ದಂಟು, ಉಬ್ಬಿದ ಪುಟ್ಟ ಎಲೆ. ಅವಳಿಗಿಂತ ಮೊದಲೇ ಅಲ್ಲಿ ಒಬ್ಬಳು ಹೆಂಗಸು ಕುಳಿತಿದ್ದಳು. ಬಿಹಾರದ ಕಡೆಯವಳು, ಬೈತಲೆಯ ಉದ್ದಕ್ಕೂ ಸಿಂಧೂರ ಹಚ್ಚಿದವಳು. ಒಂದೊಂದೇ ತುದಿ ಚಿವುಟುತ್ತಿದ್ದಳು. ಬುಡ ಬಿಟ್ಟು.

ಎರ್ರೆಮ್ಮ ಅವಳ ಕೈಯನ್ನು ಸ್ವಲ್ಪ ಹೊತ್ತು ನೋಡಿದಳು. ಪಕ್ಕದಲ್ಲೇ ಕುಳಿತಳು. ಒಂದು ತುದಿ ಎತ್ತಿ ಹಿಡಿದು, "ಗೋಣಿ" ಎಂದಳು.

ಆ ಹೆಂಗಸು ತಲೆಯಲ್ಲಾಡಿಸಿ, ತನ್ನ ಕೈಯದನ್ನು ಎತ್ತಿ, "ನೋನಿ" ಎಂದಳು.

"ಗೋಣಿ."

"ನೋನಿ!"

ಇಬ್ಬರಿಗೂ ನಗು ತಡೆಯಲಾಗಲಿಲ್ಲ. ಆ ಹೆಂಗಸು ಬೆಳ್ಳುಳ್ಳಿ ಜಜ್ಜುವಂತೆ ಕೈ ಮಾಡಿ ತೋರಿಸಿದಳು. ಎರ್ರೆಮ್ಮ ರೊಟ್ಟಿ ಬಡಿಯುವಂತೆ ತೋರಿಸಿದಳು. ಹೆಸರು ಕೇಳಿಕೊಳ್ಳುವುದು ಇಬ್ಬರಿಗೂ ಮರೆತೇ ಹೋಯಿತು. ಮರುದಿನ ಆಕೆ ಇನ್ನಿಬ್ಬರು ಹೆಂಗಸರನ್ನು ಕರೆದುಕೊಂಡು ಬಂದಳು.